ಟೀಚರ್‌ಗೆ ನಾನು ಓದಿ ಹೇಳದ ಪುಟ

ಹೋದ ತಿಂಗಳು ಅತ್ತೆಯ ಮಂಡಿಯ ಸ್ಕ್ಯಾನಿಗೆಂದು ಅವರನ್ನು ಕರೆದುಕೊಂಡು ಹೋಗಿದ್ದೆ. ಕೌಂಟರಿನ ಆಚೆಯಿಂದ ಒಂದು ನೀಲಿ ಪ್ಲಾಸ್ಟಿಕ್ ತಟ್ಟೆ ಜಾರಿ ಬಂತು. ಅದರ ಮೂಲೆಯಲ್ಲಿ ಯಾರೋ ಮರೆತುಹೋದ ಸೇಫ್ಟಿ ಪಿನ್ನೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು. “ಮೆಟಲ್ ಏನಿದ್ರೂ ಇದ್ರಲ್ಲಿ ಹಾಕಿ ಅಜ್ಜಿ” ಎಂದಿತು ಒಳಗಿನ ದನಿ. ಅತ್ತೆ ಬಳೆ ಕಳಚಿದರು, ಉಂಗುರ ಕಳಚಿದರು. ನಾನು ಆ ತಟ್ಟೆಯನ್ನೇ ನೋಡುತ್ತ ನಿಂತುಬಿಟ್ಟಿದ್ದೆ. “ಓಲೆ ಬಿಚ್ಚಿಕೊಡು ಅಂತ ಎಷ್ಟು ಸಲ ಹೇಳ್ಲಿ, ಮೈಮೇಲೆ ಬಂದೋಳ ಥರ ನಿಂತಿದೀಯಲ್ಲ” ಎಂದು ಅತ್ತೆ ಗದರಿದ ಮೇಲೆ ಕೈ ಆಡಿತು.

ನನ್ನ ಕಣ್ಣ ಮುಂದೆ ಇದ್ದದ್ದು ಅದೇ ಬಣ್ಣದ ಇನ್ನೊಂದು ತಟ್ಟೆ. ಅದರ ಮುಂದೆ ಮುಷ್ಟಿ ಬಿಗಿದು ನಿಂತಿದ್ದ ನಮ್ಮ ಹೊಲಿಗೆ ಟೀಚರ್...

ಭದ್ರಾವತಿಯಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಅವರು ಹೊಲಿಗೆ ಕಲಿಸುತ್ತಿದ್ದರು. ಸಿಸ್ಟರುಗಳ ಬಿಳಿ ಬಟ್ಟೆಗಳ ನಡುವೆ ಇಳಕಲ್ ಸೀರೆ ಉಟ್ಟು ಹಣೆಗೆ ಮೂರೆಳೆ ವಿಭೂತಿ ಹಚ್ಚಿಕೊಂಡು ಓಡಾಡುತ್ತಿದ್ದವರು ಅವರೊಬ್ಬರೇ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನಮ್ಮ ಹೊಲಿಗೆಯನ್ನು ಅವರು ಮುಂಬದಿಯಿಂದ ನೋಡಿದ್ದೇ ಇಲ್ಲ. ಬಟ್ಟೆ ಕೈಗೆ ಬಂದ ತಕ್ಷಣ ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಗಂಟು ಎಲ್ಲಿ ಹಾಕಿದ್ದೇವೆ, ದಾರ ಎಲ್ಲಿ ಎಳೆದಿದ್ದೇವೆ, ಎಲ್ಲಿ ಸೋಮಾರಿತನ ಮಾಡಿದ್ದೇವೆ ಎನ್ನುವುದೆಲ್ಲ ಅಲ್ಲಿ ಕಾಣುತ್ತದೆ ಎನ್ನುತ್ತಿದ್ದರು.

ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ನಾನು ರವಿಕೆ ಹೊಲಿಸಲು ಭದ್ರಾವತಿಯ ಬಸ್ಸು ಹತ್ತುತ್ತಿದ್ದೆ. ಟೀಚರ್ ಮದುವೆಯಾಗಿರಲಿಲ್ಲ. ಕೆಲಸದಿಂದ ನಿವೃತ್ತಿಯಾಗಿ, ಕಾರ್ಖಾನೆ ಕ್ವಾರ್ಟರ್ಸಿನ ಹಿಂದಿನ ಬೀದಿಯಲ್ಲಿ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡಿದ್ದರು. ಈ ಕತೆ ಶುರುವಾದದ್ದು ಆ ಮಿಷನ್ನಿನ ಪೆಡಲಿನ ಮೇಲೆ. “ಬಲಗಾಲು ನಿಲ್ತಾನೇ ಇಲ್ಲ ಮಾರಾಯ್ತಿ. ನಾನು ತುಳಿ ಅಂದ್ರೆ ಅದು ಯೋಚನೆ ಮಾಡುತ್ತೆ” ಎಂದು ಒಂದು ದಿನ ನಕ್ಕರು. ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗದೆ ಒಂಟಿ ಚಪ್ಪಲಿಯಲ್ಲಿ ಅಂಗಡಿಯಿಂದ ಮನೆಗೆ ಬಂದ ಮೇಲೆ ತಮ್ಮನೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ತಲೆಯ ನಡುವೆ, ಸ್ವಲ್ಪ ಎಡಕ್ಕೆ, ದೊಡ್ಡ ನೆಲ್ಲಿಕಾಯಿಯಷ್ಟು ಒಂದು ಗೆಡ್ಡೆ. ಕ್ಯಾನ್ಸರ್ ಅಲ್ಲ ಎಂದರು. ಆದರೆ ದೊಡ್ಡ ರಕ್ತನಾಳಕ್ಕೆ ಅಂಟಿ ಕೂತಿದೆ, ತಲೆ ತೆರೆದು ತೆಗೆಯುವುದಕ್ಕಿಂತ ಹೊರಗಿನಿಂದಲೇ ಕಿರಣ ಬಿಡುವ ರೇಡಿಯೋ ಸರ್ಜರಿ ಮಾಡಿಸಿ ಎಂದು ಬೆಂಗಳೂರಿಗೆ ಬರೆದುಕೊಟ್ಟರು. ಟೀಚರ್ ನನಗೆ ಫೋನು ಮಾಡಿದರು. “ನೀನು ಬರ್ತೀಯಾ ಜೊತೆಗೆ? ತಮ್ಮ ಬರ್ತಾನೆ, ಆದ್ರೆ ಅವನು ಡಾಕ್ಟರ್ ಇಂಗ್ಲಿಷ್ ಮಾತಾಡಿದ್ರೆ ಕೈ ಮುಗಿದುಬಿಡ್ತಾನೆ.” ನೀವೂ ಕಾನ್ವೆಂಟಿನಲ್ಲೇ ಇದ್ದವರಲ್ಲ ಟೀಚರ್ ಎಂದೆ. “ಇಂಗ್ಲಿಷ್ ನನ್ನ ಪೀರಿಯಡ್ ಅಲ್ಲ ಕಣೇ” ಎಂದರು.

ಅವರು ನನ್ನನ್ನು ಕರೆದದ್ದು ಓದಲಿಕ್ಕೆ. ಅದೊಂದೇ ಕೆಲಸಕ್ಕೆ.

ಚಿಕಿತ್ಸೆಯ ಹಿಂದಿನ ದಿನ ಆಸ್ಪತ್ರೆಯಲ್ಲಿ ಒಂದು ತೆಳ್ಳನೆಯ ಪುಸ್ತಕ ಕೊಟ್ಟರು. ಏನು ಮಾಡುತ್ತೇವೆ, ಆಮೇಲೆ ಏನಾಗಬಹುದು ಎಲ್ಲ ಇದರಲ್ಲಿದೆ, ಓದಿಕೊಂಡು ಬನ್ನಿ ಎಂದರು. ಪೂರ್ತಿ ಇಂಗ್ಲಿಷ್. ಮಧ್ಯಾಹ್ನ ಲಾಡ್ಜಿನ ಕೋಣೆಯಲ್ಲಿ ಅವರ ತಮ್ಮ ಕಾಫಿ ತರಲು ಹೋಗಿದ್ದಾಗ ನಾನು ಮಂಚದ ತುದಿಯಲ್ಲಿ ಕೂತು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ತಲೆಗೆ ಒಂದು ಚೌಕಟ್ಟು ಕೂರಿಸುತ್ತಾರಂತೆ. ನಾಲ್ಕು ಪಿನ್ನಂತೆ. ಮೊದಲು ಮರಗಟ್ಟುವ ಇಂಜೆಕ್ಷನ್ನಂತೆ. ಕೂದಲು ಬೋಳಿಸುವುದಿಲ್ಲವಂತೆ. ಗೆಡ್ಡೆ ತಕ್ಷಣ ಮಾಯವಾಗುವುದಿಲ್ಲ, ಬೆಳೆಯುವುದು ನಿಂತು ವರ್ಷ ಎರಡು ವರ್ಷದಲ್ಲಿ ನಿಧಾನ ಕುಗ್ಗುತ್ತದಂತೆ. ಟೀಚರ್ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತ ಕೇಳಿದರು.

ಪುಟ ತಿರುಗಿಸಿದೆ. ಅಲ್ಲಿ, ಕೆಲವು ತಿಂಗಳ ನಂತರ ಗೆಡ್ಡೆಯ ಸುತ್ತ ಮಿದುಳು ಊದಿಕೊಳ್ಳಬಹುದು ಎಂದು ಬರೆದಿತ್ತು. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ಕೈಕಾಲಿನಲ್ಲಿ ಶಕ್ತಿ ಕಡಿಮೆಯಾಗುವುದು, ಫಿಟ್ಸ್. ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಬನ್ನಿ, ಬೇಗ ಗೊತ್ತಾದರೆ ಬಹುಪಾಲು ಮಾತ್ರೆಯಲ್ಲೇ ಇಳಿಯುತ್ತದೆ, ಅದಕ್ಕಾಗಿಯೇ ಆರು ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ ಎಂದು ದಪ್ಪ ಅಕ್ಷರದಲ್ಲಿತ್ತು.

ನಾನು ಬಾಯಿ ತೆರೆದೆ. ನಮ್ಮ ಮನೆಗಳಲ್ಲಿ ಕಾಯಿಲೆಯವರ ಮುಂದೆ ಇಂಥದ್ದನ್ನು ಆಡುವುದಿಲ್ಲ. ಚಿಕ್ಕವಳಿದ್ದಾಗ ಬಾಯಿತಪ್ಪಿ ಅಶುಭದ ಮಾತು ಬಂದರೆ ಅಮ್ಮ ತೊಡೆಗೆ ಚಿವುಟಿ “ಬಿಡ್ತು ಅನ್ನು” ಎನ್ನುತ್ತಿದ್ದಳು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದೂ ಅದನ್ನೇ, ಎದುರಿನವರಿಗೆ ನೋವಾಗುವ ಮಾತನ್ನು ಒಳ್ಳೆಯ ಹುಡುಗಿ ನುಂಗಿಕೊಳ್ಳುತ್ತಾಳೆ ಎಂದು. ಮಾರನೆಯ ದಿನ ತಲೆಗೆ ಪಿನ್ನು ಹೊಡೆಸಿಕೊಳ್ಳಬೇಕಾದ ಹೆಂಗಸಿನ ಮುಂದೆ ಫಿಟ್ಸ್ ಎನ್ನುವ ಪದಕ್ಕೆ ನನ್ನ ನಾಲಿಗೆ ಏಳಲಿಲ್ಲ. “ಆಮೇಲೆ ಸ್ವಲ್ಪ ಸುಸ್ತಿರುತ್ತಂತೆ ಟೀಚರ್. ಆರು ತಿಂಗಳಿಗೆ ಒಂದು ಸ್ಕ್ಯಾನ್ ಮಾಡಿಸಬೇಕಂತೆ” ಎಂದೆ.

ಅವರು ಪುಟವನ್ನು ನೋಡಿದರು. “ಅಷ್ಟು ಉದ್ದಕ್ಕೆ ಇಷ್ಟೇನಾ?”

“ಇಂಗ್ಲಿಷ್‌ನಲ್ಲಿ ಹಂಗೇ ಟೀಚರ್, ಉದ್ದ ಬರೀತಾರೆ.”

ಪುಸ್ತಕವನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವರಿಗೆ ಕೊಡಲೂ ಇಲ್ಲ.

ಬೆಳಿಗ್ಗೆ ಬೇಗ ಒಳಗೆ ಕರೆದರು. ಬಳೆ, ಓಲೆ, ಸೀರೆಯ ಪಿನ್ನು ಎಲ್ಲ ತೆಗೆದಾಯಿತು. ನರ್ಸ್ ಕರಡಿಗೆಯ ಕಡೆ ಕೈ ತೋರಿಸಿದಾಗ ಟೀಚರ್ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ದೀಕ್ಷೆಯಾದ ದಿನದಿಂದ ಅದು ಅವರ ಮೈಯಿಂದ ಬೇರೆಯಾಗಿರಲಿಲ್ಲ. ನರ್ಸ್ ಹುಬ್ಬಳ್ಳಿ ಕಡೆಯವಳಿರಬೇಕು. ಒಂದು ಕ್ಷಣ ನೋಡಿ, ದನಿ ತಗ್ಗಿಸಿ, “ಬೆಳ್ಳೀದಷ್ಟ ಬಿಡ್ರಿ ಅಮ್ಮಾರ. ಒಳಗಿನ ಲಿಂಗಪ್ಪನ್ನ ಬಟ್ಟ್ಯಾಗ ಕಟ್ಕೊಳ್ರಿ. ನಾ ಕೇಳ್ಕೊಂಡ್ ಬರ್ತೀನಿ ತಡೀರಿ” ಎಂದಳು. ಹೋಗಿ ಸ್ಕ್ಯಾನಿನವರನ್ನು ಕೇಳಿ ಬಂದಳು. ಬಿಳಿ ಪಟ್ಟಿಯ ತುಂಡು ತಂದುಕೊಟ್ಟಳು. ಟೀಚರ್ ಲಿಂಗವನ್ನು ಅದರಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡರು. ಎಲ್ಲ ಸೇರಿ ಐದು ನಿಮಿಷ ಹಿಡಿಯಿತು.

ಹಣೆಯ ವಿಭೂತಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹಣೆಗೆರಡು, ಹಿಂದಲೆಗೆರಡು ಇಂಜೆಕ್ಷನ್ ಕೊಟ್ಟರು. ಇಡೀ ದಿನದಲ್ಲಿ ನೋವೆಂದರೆ ಅದೊಂದೇ ಎಂದು ಟೀಚರ್ ಆಮೇಲೆ ಹೇಳಿದರು. ಪಿನ್ನು ಬಿಗಿಯುವಾಗ ನೋವಿಲ್ಲ, ಒತ್ತಡ ಅಷ್ಟೇ. ಚೌಕಟ್ಟು ಹೊತ್ತುಕೊಂಡು ಹೊರಗೆ ಬಂದಾಗ ತಮ್ಮ ಮುಖ ತಿರುಗಿಸಿಕೊಂಡ. ಟೀಚರ್ ನನ್ನ ಕಡೆ ನೋಡಿ, “ಎಂಬ್ರಾಯ್ಡರಿ ರಿಂಗಿಗೆ ಸಿಕ್ಕ ಬಟ್ಟೆ ಆಗಿದೀನಿ ಮಾರಾಯ್ತಿ. ಬಟ್ಟೆಗೆ ಹಿಂಗಾಗುತ್ತೆ ಅಂತ ಗೊತ್ತಿದ್ರೆ ಒಂಚೂರು ಸಡಿಲ ಬಿಡ್ತಿದ್ದೆ” ಎಂದರು. ಚೌಕಟ್ಟಿನ ಸಮೇತ ಸ್ಕ್ಯಾನ್ ಆಯಿತು. ಆಮೇಲೆ ಡಾಕ್ಟರುಗಳು ಕಂಪ್ಯೂಟರಿನ ಮುಂದೆ ಕೂತು ಕಿರಣ ಎಲ್ಲಿಂದ ಎಲ್ಲಿಗೆ ಎಂದು ಲೆಕ್ಕ ಹಾಕುವವರೆಗೆ ಕಾಯುವುದು. ಬಾಯಿಯ ಮುಂದೆ ಕಂಬಿ ಇದ್ದುದರಿಂದ ಸ್ಟ್ರಾ ಹಾಕಿ ಕಾಫಿ ಕುಡಿಸಿದೆ. ಯಂತ್ರದೊಳಗೆ ಸುಮಾರು ಒಂದು ಗಂಟೆ. ಬಿಸಿಯಿಲ್ಲ, ನೋವಿಲ್ಲ, ಏನೂ ಗೊತ್ತಾಗಲಿಲ್ಲ, ನಿದ್ದೆಯೇ ಬಂತು ಎಂದರು. ಚೌಕಟ್ಟು ಬಿಚ್ಚಿದಾಗ ಮಾತ್ರ ತಲೆ ಧಿಮ್ಮೆಂದು ಸಿಡಿಯಿತಂತೆ, ಸ್ವಲ್ಪ ಹೊತ್ತು. ಪಟ್ಟಿ ಕಟ್ಟಿ, ಕೆಲವು ದಿನದ ಮಾತ್ರೆ ಕೊಟ್ಟು ಕಳಿಸಿದರು. ವಿಭೂತಿ ಯಾವಾಗ ಹಚ್ಚಿಕೊಳ್ಳಲಿ ಎಂದು ಟೀಚರ್ ಕೇಳಿದ್ದಕ್ಕೆ ಅದೇ ನರ್ಸ್, ಗಾಯ ಒಣಗಲಿ, ಅಲ್ಲಿಯವರೆಗೆ ದೇವರೂ ಕಾಯುತ್ತಾನೆ ಎಂದಳು.

ಊರಿಗೆ ಬಂದ ಎರಡನೆಯ ದಿನ ಹಣೆ, ರೆಪ್ಪೆ ಊದಿ ಕಣ್ಣು ಮುಚ್ಚುವಂತಾಯಿತು, ನಾಲ್ಕು ದಿನದಲ್ಲಿ ಇಳಿಯಿತು. ಆಮೇಲೆ ನೋಡಲು ಬಂದವರಿಗೆ ನೋಡಲು ಏನೂ ಇರಲಿಲ್ಲ. ಪಕ್ಕದ ಮನೆಯ ತಮಿಳು ಅಜ್ಜಿ ಒಂದು ಉಣ್ಣೆ ಟೋಪಿ ತಂದಿದ್ದರು. “ಏನಮ್ಮಾ ಇದು, ತಲೆ ಆಪರೇಷನ್ ಅಂದ್ರು, ಒಂದು ಕೂದಲೂ ಹೋಗಿಲ್ಲ? ಈ ಟೋಪಿ ನಾನು ಏನು ಮಾಡಲಿ ಈಗ” ಎಂದು ನಿಜವಾಗಿ ನಿರಾಸೆಪಟ್ಟರು. ಹೊಲಿಗೆಯಿಲ್ಲ, ಗಾಯವಿಲ್ಲ, ಚುಕ್ಕೆಯಂಥ ನಾಲ್ಕು ಗುರುತು ಮಾತ್ರ. ತಮ್ಮನ ಹೆಂಡತಿಗೆ ಆ ನಾಲ್ಕು ಚುಕ್ಕೆಗಾಗಿ ಬೆಂಗಳೂರಿಗೆ ಹೋದದ್ದು ಅರ್ಥವಾಗಲಿಲ್ಲ. ಟೀಚರ್ ಹಗಲು ಮಲಗಿದರೆ “ಅತ್ತಿಗೆಗೆ ಸುಸ್ತು ಅಭ್ಯಾಸ ಆಗ್ಬಿಡ್ತು” ಎನ್ನುತ್ತಿದ್ದಳು. ಆ ಸುಸ್ತು ವಾರಗಟ್ಟಲೆ ಇತ್ತು. ನೆತ್ತಿ ಜೋಮು ಹಿಡಿದಿತ್ತು. ಬಾಚಿಕೊಂಡರೆ ಬೇರೆ ಯಾರದೋ ತಲೆ ಬಾಚಿದ ಹಾಗಿರುತ್ತದೆ ಎನ್ನುತ್ತಿದ್ದರು. ನಿಧಾನವಾಗಿ ಅದೆಲ್ಲ ಹೋಯಿತು. ಕಾಲು ಪೆಡಲಿಗೆ ಮರಳಿತು. ನಾನು ಆ ಪುಟವನ್ನು ಮರೆತೆ ಎಂದು ಬರೆಯಬೇಕೆನಿಸುತ್ತದೆ. ಮರೆತಿರಲಿಲ್ಲ. ಈಗೇಕೆ, ಚೆನ್ನಾಗಿದ್ದಾರಲ್ಲ ಎಂದು ಪ್ರತಿ ಸಲ ಮುಂದಕ್ಕೆ ಹಾಕುತ್ತಿದ್ದೆ.

ಆರನೆಯ ತಿಂಗಳ ಸ್ಕ್ಯಾನಿಗೆ ಟೀಚರ್ ತಾವೇ ತಯಾರಾಗಿದ್ದರು. ಲಿಂಗಕ್ಕೆಂದು ಬಿಳಿ ಹತ್ತಿ ಬಟ್ಟೆಯ ಪುಟ್ಟ ಚೀಲ ಹೊಲಿದಿದ್ದರು. ಕೊಕ್ಕೆಯಿಲ್ಲ, ಗುಂಡಿಯಿಲ್ಲ, ಕಟ್ಟಲು ಬಟ್ಟೆಯದೇ ದಾರ. “ಈ ಸಲ ಆ ನರ್ಸಿಗೆ ತೊಂದರೆ ಕೊಡಲ್ಲ ನಾನು” ಎಂದು ತೋರಿಸಿದರು. ಬೆಂಗಳೂರಿಗೇಕೆ, ಸ್ಕ್ಯಾನ್ ಶಿವಮೊಗ್ಗದಲ್ಲೇ ಮಾಡಿಸಿ ಕಳಿಸಿದರೆ ಸಾಕು ಎಂದು ಆಸ್ಪತ್ರೆಯವರು ಹೇಳಿದ್ದರು. ಹಾಗಾಗಿ ಅವರು ಬಸ್ಸಿನಲ್ಲಿ ಬಂದರು. ನಾನು ನಿಲ್ದಾಣದಿಂದ ಕರೆದುಕೊಂಡು ಹೋದೆ.

ಸ್ಕ್ಯಾನ್ ಸೆಂಟರಿನ ಕೌಂಟರಿನ ಒಳಗಿದ್ದವನು ನೀಲಿ ತಟ್ಟೆ ತಳ್ಳಿದ. ಟೀಚರ್ ಬಳೆ ಹಾಕಿದರು, ಓಲೆ ಹಾಕಿದರು, ಖಾಲಿ ಕರಡಿಗೆ ಹಾಕಿದರು. ಕೊರಳ ಚೀಲ ತೋರಿಸಿ, ಇದರಲ್ಲಿ ಲೋಹ ಇಲ್ಲ, ಬೆಂಗಳೂರಿನಲ್ಲಿ ಬಿಟ್ಟಿದ್ದರು ಎಂದು ವಿವರಿಸಿದರು.

“ಬೆಂಗಳೂರಿಂದು ಬೆಂಗಳೂರಿಗೆ. ಇಲ್ಲಿ ಏನೂ ಇರಂಗಿಲ್ಲ.”

“ಒಳಗಡೆ ಒಂದು ಸಲ ಕೇಳಿ ನೋಡಪ್ಪ.”

“ಕೇಳೋದೇನಿದೆ ಅಮ್ಮ. ಹಿಂದೆ ಎಷ್ಟು ಜನ ಇದಾರೆ ನೋಡಿ. ತೆಗೀತೀರೋ, ಸೈಡಿಗೆ ಬರ್ತೀರೋ?”

ಟೀಚರ್ ಚೀಲವನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. ನಾನು ಮಾತಾಡುತ್ತೇನೆ ಎಂದುಕೊಂಡಿದ್ದರು. ಒಳಗಿನ ಡಾಕ್ಟರನ್ನು ಕರೆಯಿರಿ ಎಂದು ಎರಡು ವಾಕ್ಯ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದ್ದರೆ ಸಾಕಿತ್ತು. ಈ ಊರಿನಲ್ಲಿ ಆ ದನಿಗೆ ಬಾಗಿಲು ತೆರೆಯುತ್ತದೆ ಎಂದು ನನಗೆ ಗೊತ್ತು. ಹಿಂದಿನ ಸಾಲಿನಲ್ಲಿ ಯಾರೋ ಗಡಿಯಾರ ನೋಡಿಕೊಂಡರು. ಒಬ್ಬ ಹೆಂಗಸು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ನನ್ನ ಕಿವಿ ಬಿಸಿಯಾಯಿತು. “ಹೋಗ್ಲಿ ಬಿಡಿ ಟೀಚರ್, ಇನ್ನೊಂದು ದಿನ ಬರೋಣ. ಹೆಂಗೂ ಚೆನ್ನಾಗಿದೀರಲ್ಲ” ಎಂದೆ.

ಅವರ ಮುಖ ಹಗುರಾಯಿತು. ತಪ್ಪಿಸಬಾರದ ಸ್ಕ್ಯಾನ್ ಎಂದು ಅವರಿಗೆ ಹೇಗೆ ತಿಳಿಯಬೇಕು? ತಿಳಿದಿದ್ದರೆ ಅಲ್ಲೇ ಕೂತುಬಿಡುತ್ತಿದ್ದರು. ಚೀಲ ಬಿಚ್ಚದೆ, ಸ್ಕ್ಯಾನೂ ಬಿಡದೆ, ಆ ಮನುಷ್ಯ ಒಳಗೆ ಹೋಗಿ ಕೇಳಿ ಬರುವವರೆಗೆ. ನಲವತ್ತು ಹುಡುಗಿಯರ ಕ್ಲಾಸನ್ನು ಕಣ್ಣಿನಲ್ಲೇ ಕೂರಿಸಿದವರು ಅವರು. ನಾವಿಬ್ಬರೂ ಹೊರಗೆ ಬಂದು ಎಳನೀರು ಕುಡಿದೆವು.

ಇನ್ನೊಂದು ದಿನ ಬರಲಿಲ್ಲ. ಶ್ರಾವಣ ಬಂತು, ಗೌರಿಹಬ್ಬದ ರವಿಕೆಗಳು ಬಂದವು. ಎರಡು ಸಲ ಫೋನು ಮಾಡಿ ಸ್ಕ್ಯಾನ್ ಎಂದೆ, ಅವರು ಮುಂದಿನ ವಾರ ಎಂದರು. ನಾನು ಆಯಿತು ಎಂದೆ. ಹಬ್ಬಕ್ಕೆ ಮುಂಚೆ ರವಿಕೆ ತರಲು ಹೋದಾಗ ಅವರು ಶುಂಠಿ ಕಷಾಯ ಕುಡಿಯುತ್ತಿದ್ದರು. ಬೆಳಿಗ್ಗೆ ಬೆಳಿಗ್ಗೆ ವಾಂತಿಯಾಗುತ್ತೆ, ಪಿತ್ತ ಎಂದರು. ಬಲಗಾಲಿನ ಚಪ್ಪಲಿಯ ತುದಿ ಸವೆದು ಹರಿದಿತ್ತು, ಎಡಗಾಲಿನದು ಹೊಸದರ ಹಾಗಿತ್ತು. ರವಿಕೆಯನ್ನು ಕೈಗೆತ್ತಿಕೊಂಡು, ಅವರೇ ಕಲಿಸಿದ ಅಭ್ಯಾಸ, ತಿರುಗಿಸಿ ನೋಡಿದೆ. ಒಳಗಿನ ಹೊಲಿಗೆ ಗೆರೆ ಬಿಟ್ಟು ಎಲ್ಲೆಲ್ಲೋ ಅಲೆದಿತ್ತು. ಆ ಕೈಯಿಂದ ಅಂಥ ಹೊಲಿಗೆಯನ್ನು ನಾನು ಯಾವತ್ತೂ ನೋಡಿರಲಿಲ್ಲ.

ಎಲ್ಲವನ್ನೂ ನೋಡಿದೆ. ಪುಸ್ತಕದ ಪಟ್ಟಿಯಲ್ಲಿದ್ದ ಒಂದೊಂದನ್ನೂ ನೋಡಿದೆ. “ಚೆನ್ನಾಗಿದೆ ಟೀಚರ್” ಎಂದು ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ. ಹಬ್ಬ ಮುಗಿಯಲಿ, ಆಮೇಲೆ ಹೇಳೋಣ, ಹಬ್ಬದ ಮುಂದೆ ಯಾಕೆ...

ಹಬ್ಬ ಮುಗಿದ ಮೂರನೆಯ ದಿನ ಬೆಳಿಗ್ಗೆ ಮಿಷನ್ನಿನ ಮುಂದೆ ಫಿಟ್ಸ್ ಬಂದು ಬಿದ್ದರು. ಒಂದು ನಿಲ್ಲುವ ಮುಂಚೆ ಇನ್ನೊಂದು. ಭದ್ರಾವತಿಯಿಂದ ಶಿವಮೊಗ್ಗಕ್ಕೆ, ಇಲ್ಲಿಂದ ಬೆಂಗಳೂರಿಗೆ. ಸ್ಕ್ಯಾನಿಗೆ ಒಯ್ಯುವಾಗ, ಆವತ್ತಿನಿಂದ ಬಿಚ್ಚದೆ ಹಾಗೇ ಇಟ್ಟುಕೊಂಡಿದ್ದ ಕೊರಳ ಚೀಲದ ದಾರವನ್ನು ಕತ್ತರಿಯಲ್ಲಿ ಕತ್ತರಿಸಿ ತಮ್ಮನ ಕೈಗೆ ಕೊಟ್ಟರಂತೆ. ಅವತ್ತು ಟೀಚರನ್ನು ಕೇಳುವ ಹಾಗಿರಲಿಲ್ಲ.

ಬೆಂಗಳೂರಿನ ಡಾಕ್ಟರ್ ಪರದೆಯ ಮೇಲೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಗೆಡ್ಡೆ ಆಗಲೇ ಕುಗ್ಗಿತ್ತು. ಚಿಕಿತ್ಸೆ ಗೆದ್ದಿತ್ತು. ಸುತ್ತಲಿನ ಊತ ಮಾತ್ರ ಬೆಳ್ಳಗೆ ಹಬ್ಬಿತ್ತು. ಎರಡು ತಿಂಗಳು ಮುಂಚೆ ಬಂದಿದ್ದರೆ ಮಾತ್ರೆಯಲ್ಲೇ ಇಳಿಯಬಹುದಿತ್ತು, ಪುಸ್ತಕ ಕೊಟ್ಟಿದ್ದೆವಲ್ಲ, ಯಾರೂ ಓದಲಿಲ್ಲವೇ ಎಂದು ಕೇಳಿದರು. ಬೇಸರದಿಂದಲೇ ಕೇಳಿದರು, ಸಿಟ್ಟಿನಿಂದಲ್ಲ.

“ಓದಿದಾರೆ ಸಾರ್” ಎಂದ ತಮ್ಮ. ನನ್ನ ಕಡೆ ಕೈ ತೋರಿಸಿದ. “ಇವರೇ ಓದಿದ್ದು. ಇವರು ಕಾನ್ವೆಂಟು ಸಾರ್.”

ಅವನ ದನಿಯಲ್ಲಿ ಇದ್ದದ್ದು ಗೌರವ. ಡಾಕ್ಟರ್ ನನ್ನನ್ನು ನೋಡಿದರು. ನಾನು ಸೀರೆಯ ಅಂಚನ್ನು ನೋಡಿದೆ.

ಟೀಚರ್ ಆಮೇಲೆ ಹನ್ನೊಂದು ತಿಂಗಳು ಇದ್ದರು. ಬಲಗೈ, ಬಲಗಾಲು ಮರಳಲಿಲ್ಲ. ಮಾತು ಬಾಯಿಯೊಳಗೇ ಮುದ್ದೆಯಾಗಿ ಉಳಿಯಿತು. ಸುಸ್ತನ್ನು ಅಭ್ಯಾಸ ಎಂದಿದ್ದ ತಮ್ಮನ ಹೆಂಡತಿಯೇ ಅವರನ್ನು ಎತ್ತಿದಳು, ತೊಳೆದಳು, ದಿನಾ ಪೂಜೆಗೆ ಲಿಂಗವನ್ನು ಅವರ ಎಡ ಅಂಗೈ ಮೇಲೆ ಇಟ್ಟು ಕೈಯನ್ನು ಆಧರಿಸಿ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ನನಗೆ ಹೇಳಿದಳು: “ಹಿಂಗಾಗಬಹುದು ಅಂತ ಯಾರಾದ್ರೂ ಒಂದೇ ಒಂದು ಮಾತು ಹೇಳಿದ್ರೆ ನಾನೇ ದರದರ ಎಳ್ಕೊಂಡು ಹೋಗ್ತಿದ್ದೆ ಅಕ್ಕ. ನಮಗೇನು ಗೊತ್ತು, ಓದ್ದೋರಾ?” ಟೀಚರ್ ಗಂಜಿ ನುಂಗುತ್ತಿದ್ದರು. ಕಣ್ಣು ನನ್ನ ಮೇಲಿತ್ತು. ಅದರಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಬಹುಶಃ ಏನೂ ಇರಲಿಲ್ಲ. ಅವತ್ತು ಹೇಳಬಹುದಿತ್ತು. ಬಟ್ಟಲನ್ನು ತೊಳೆದಿಟ್ಟು ಬಸ್ಸು ಹತ್ತಿದೆ.

ಅವರು ಹೋದ ದಿನ ಎಲ್ಲರೂ ನನ್ನ ಕೈ ಹಿಡಿದು, ಮಗಳ ಹಾಗೆ ನೋಡಿಕೊಂಡೆಯಮ್ಮ ಎಂದರು. ಅದನ್ನೂ ನುಂಗಿಕೊಂಡೆ.

ಈಗ ನಮ್ಮ ಬೀದಿಯಲ್ಲಿ ಯಾರ ಮನೆಗೆ ಇಂಗ್ಲಿಷ್ ರಿಪೋರ್ಟು ಬಂದರೂ ನನ್ನ ಹತ್ತಿರ ತರುತ್ತಾರೆ. ನಾನು ಬಿಡದೆ ಓದುತ್ತೇನೆ. ದಪ್ಪ ಅಕ್ಷರದ್ದನ್ನು ಎರಡು ಸಲ ಓದುತ್ತೇನೆ, ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡುತ್ತೇನೆ. ಇದನ್ನು ಯಾರಾದರೂ ಪ್ರಾಯಶ್ಚಿತ್ತ ಎಂದರೆ ನನಗೆ ಸಿಟ್ಟು ಬರುತ್ತದೆ. ಟೀಚರ್‌ಗೆ ಇದರಿಂದ ಒಂದು ಹೊಲಿಗೆಯೂ ನೆಟ್ಟಗಾಗುವುದಿಲ್ಲ.

ಮೊನ್ನೆ ಹಿಂದಿನ ಬೀದಿಯ ಹೆಂಗಸೊಬ್ಬಳು ಗಂಡನ ಕಾಗದ ತಂದಿದ್ದಳು. ಇಂಥದ್ದೇ ಚಿಕಿತ್ಸೆ, ಇಂಥದ್ದೇ ಪುಸ್ತಕ. ಗಂಡನೂ ಜೊತೆಗೇ ಕೂತಿದ್ದ. ಊತದ ಪುಟ ಬಂದಾಗ ಅವಳು “ಅದು ಬೇಡ ಅಕ್ಕ, ಇವರ ಮುಂದೆ ಬೇಡ, ಬಿಡ್ತು ಅನ್ನಿ” ಎಂದು ನನ್ನ ಮೊಣಕೈ ಹಿಡಿದಳು. ನಾನು ಅವನ ಕಡೆಗೇ ತಿರುಗಿ ಕೊನೆಯ ಸಾಲಿನವರೆಗೆ ಓದಿದೆ. ಫಿಟ್ಸ್ ಎನ್ನುವ ಪದವನ್ನೂ ಓದಿದೆ. ಅವನ ಮುಖ ಬಿಳಿಚಿಕೊಂಡಿತು. ಅವಳು ಚೀಟಿ ಕಿತ್ತುಕೊಂಡು ಎದ್ದಳು. ಚಹಾ ಮುಟ್ಟಲಿಲ್ಲ. ನನ್ನ ಬಾಯಲ್ಲಿ ಒಳ್ಳೆಯದು ಬರುವುದಿಲ್ಲ ಎಂದು ಬೀದಿಯಲ್ಲಿ ಹೇಳಿಕೊಂಡು ಬಂದಿದ್ದಾಳೆಂದು ಅತ್ತೆ ತಿಳಿಸಿದರು.

ಇರಲಿ. ಅವಳು ಇನ್ನು ಈ ಮನೆಯ ಮೆಟ್ಟಿಲು ಹತ್ತಲಿಕ್ಕಿಲ್ಲ. ಆದರೆ ಅವಳ ಗಂಡನಿಗೆ ಗೊತ್ತಿದೆ. ಟೀಚರ್‌ಗೆ ಗೊತ್ತಿರಲಿಲ್ಲ.